ಕೌದಿಯ ನಾಲ್ಕನೇ ಮೂಲೆ

"ಮೇಡಂ, ಉಸಿರು ಗಾಜಿಗೆ ತಾಗಬಾರದ್ರಿ. ಬಾಪೂನ ಸಹಿ ಐತಿ ಅದು."

ಉದಯಕುಮಾರ ಬೆನ್ನ ಹಿಂದೆಯೇ ನಿಂತಿದ್ದ. ದ್ರಾಕ್ಷಾಯಣಿ ತಲೆ ಎತ್ತಲಿಲ್ಲ. ಭೂತಗನ್ನಡಿಯನ್ನು ಇನ್ನಷ್ಟು ಕೆಳಗಿಳಿಸಿದಳು.

"ಗಾಜು ತಗಸ್ರಿ."

"ಅದೊಂದು ಆಗೂದಿಲ್ಲ ನೋಡ್ರಿ."

"ಹಂಗಾದ್ರ ಇದು ಅಸಲಿ ಅಂತ ನಾ ಹೇಳೂದೂ ಆಗೂದಿಲ್ಲ. ನಾಳೆ ಉದ್ಘಾಟನಾ ನಿಮ್ಮದು. ವಿಚಾರ ಮಾಡ್ರಿ."

ಉದಯಕುಮಾರ ಗೊಣಗುತ್ತಾ ಕೀಲಿ ಹುಡುಕಿದ.

ಗಂಗೂ ಆಜಿಯ ಹಳೇ ಕೌದಿ ಬೇಲಿಯಿಂದ ಮಾಯವಾಗಿ, ಕೆಲವು ದಿನಗಳ ಮೇಲೆ ಅದೇ ಬೇಲಿಯಲ್ಲಿ ನಡುವಿನ ಬಟ್ಟೆ ಕಳೆದುಕೊಂಡು ನೇತಾಡುತ್ತಿತ್ತು. ಆ ಬಟ್ಟೆ ಈಗ ಗಣೇಶಗುಡಿಯ ಈ ರಿಸಾರ್ಟಿನ ಗಾಜಿನ ಪೆಟ್ಟಿಗೆಯಲ್ಲಿದೆ ಅಂತ ಸಾಬೀತು ಮಾಡಬೇಕು ಎಂದು ಆಜಿಯ ಮೊಮ್ಮಗಳು ರೀನಾ ದ್ರಾಕ್ಷಾಯಣಿಯನ್ನು ಹುಡುಕಿಕೊಂಡು ಮುಂಡಗೋಡಕ್ಕೆ ಬಂದಿದ್ದಳು.

ಉದಯಕುಮಾರನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನ ಪಾಲಿಗೆ ದ್ರಾಕ್ಷಾಯಣಿ ಅಂದರೆ ಒಂದು ಕಾಲಕ್ಕೆ ಕೋರ್ಟುಗಳಿಗೆ ಕೈಬರಹ ಪರೀಕ್ಷೆ ಮಾಡಿಕೊಡುತ್ತಿದ್ದ ದೊಡ್ಡ ಹೆಸರು. ನಾಳೆ ಟೀವಿಯವರ ಎದುರು ಆ ಹೆಸರು 'ಅಸಲಿ' ಅಂದರೆ ಸಾಕಾಗಿತ್ತು ಅವನಿಗೆ.

ಗೋಡೆ ತುಂಬ ಚೌಕಟ್ಟುಗಳು. ದೇಶದ ದೊಡ್ಡವರೆಲ್ಲರ ಸಹಿಗಳು. ಕೆಲವು ಅಸಲಿ, ಬಹಳಷ್ಟು ಅಚ್ಚು ಹಾಕಿಸಿದವು. ಬಾಗಿಲ ಮೇಲೆ ಹೊಸ ಫಲಕ: ಶಿವಲಿಂಗಪ್ಪ ಸ್ಮಾರಕ ಹಸ್ತಾಕ್ಷರ ಮಂದಿರ.

"ಭಾಷಣಾ ಯಾರರ ಬರದು ಕೊಡಬಹುದ್ರಿ ಮೇಡಂ," ಎಂದ ಉದಯಕುಮಾರ, ಕೀಲಿ ತಿರುಗಿಸುತ್ತಾ. "ಫೋಟೋ ತಿದ್ದಬಹುದು. ಆದ್ರ ಸಹಿ? ಆ ಮನಿಷ್ಯಾನ ಕೈ ಖುದ್ದು ಅಲ್ಲಿಗೆ ಬಂದಿತ್ತು ಅನ್ನೂದಕ್ಕ ಅದೊಂದ ಸಾಕ್ಷಿ. ನಮ್ಮ ಅಜ್ಜನ ಹೆಗಲ ಮ್ಯಾಲಿನ ವಲ್ಲಿ ಇದು. ಹಳಿಯಾಳದಾಗ ಬಾಪೂ ಕೈಯಾರೆ ಇಸ್ಕೊಂಡು ಸಹಿ ಹಾಕಿದ್ರು."

ಮಾತು ಸರಿಯಾಗಿಯೇ ಇತ್ತು. ಅದೇ ದ್ರಾಕ್ಷಾಯಣಿಗೆ ಸಿಟ್ಟು ತರಿಸಿದ್ದು. ತಾನು ಜೀವನಪೂರ್ತಿ ನಂಬಿದ ಮಾತನ್ನು ಒಬ್ಬ ಕಳ್ಳನ ಬಾಯಲ್ಲಿ ಕೇಳುವುದು ಎಂದರೆ ಏನು!

ಗಾಜು ಸರಿಯಿತು. ಮಾಸಿದ ಖಾದಿ ಹೊರಗಿನ ಬೆಳಕಿಗೆ ಬಂತು.

ಮೊದಲು ಸಿಕ್ಕಿದ್ದು ಸೂಜಿಯ ತೂತುಗಳು. ಬರಿಗಣ್ಣಿಗೆ ಧೂಳಿನ ಹಾಗೆ ಕಾಣುತ್ತಿದ್ದವು. ಭೂತಗನ್ನಡಿಯಡಿ ಸಾಲುಸಾಲು. ಅಂಚಿನಿಂದ ಹೊರಟು, ಒಂದರೊಳಗೊಂದು ಚೌಕಗಳಾಗಿ ಒಳಗೊಳಗೆ ಸರಿಯುತ್ತಾ ಬಂದಿದ್ದವು.

ಸಿದ್ದಿ ಹೆಂಗಸರು ಕೌದಿ ಹೊಲಿಯುವುದು ಹೀಗೇ. ಮೂಲೆಯಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ನಿಲ್ಲಿಸುತ್ತಾರೆ. ಹೆಗಲ ಮೇಲಿನ ವಲ್ಲಿಗೆ ಈ ತೂತುಗಳು ಎಲ್ಲಿಂದ ಬರಬೇಕು? ಸಿಕ್ಕಿಬಿದ್ದ ಉದಯಕುಮಾರ!

ಭೂತಗನ್ನಡಿಯನ್ನು ಸಹಿಯ ಮೇಲೆ ತಂದಳು. ಅಲ್ಲಿಗೆ ಖುಷಿ ನಿಂತಿತು.

ಶಾಯಿ ಆ ತೂತುಗಳ ಒಳಗೆ ಇಳಿದಿತ್ತು. ಇಳಿದು, ಪ್ರತಿ ತೂತಿನ ಸುತ್ತ ಸಣ್ಣ ಇರುವೆಯಷ್ಟು ಅಗಲಕ್ಕೆ ಹರಡಿತ್ತು. ಸಹಿ ಮೊದಲು ಬಿದ್ದು, ಹೊಲಿಗೆ ಆಮೇಲೆ ಬಿದ್ದಿದ್ದರೆ ಸೂಜಿ ಒಣಗಿದ ಶಾಯಿಯನ್ನು ಸೀಳಿಕೊಂಡು ಹೋಗಬೇಕಿತ್ತು. ಇಲ್ಲಿ ಹೊಲಿಗೆ ಮೊದಲು, ಸಹಿ ಆಮೇಲೆ.

ಎಷ್ಟು ಆಮೇಲೆ? ಬಾಪೂ ಹೋಗಿ ಎಷ್ಟೋ ವರ್ಷಗಳ ಆಮೇಲೆ. ಈ ಹೊಲಿಗೆ ಹಾಕಿದ ಆಜಿ ಬಾಪೂ ಹೋದಾಗ ಇನ್ನೂ ಎಳೇ ಮಗು.

ಗೆರೆಗಳನ್ನು ನೋಡಿದಳು. ಓಡುವ ಕೈಯ ಗೆರೆ ಶುರುವಿನಲ್ಲಿ ಸಣ್ಣಗಿರುತ್ತದೆ, ಕೊನೆಯಲ್ಲಿ ಸಣ್ಣಗಾಗಿ ಹಾರಿಹೋಗುತ್ತದೆ. ಇವು ಎರಡೂ ಕಡೆ ಮೊಂಡು. ಬರೆದದ್ದಲ್ಲ, ಚಿತ್ರ ಬಿಡಿಸಿದ್ದು. ಅದೂ ಬಲಗೈ ಸಹಿಯ ನಕಲು.

ಇನ್ನೊಂದು ಇತ್ತು. ಚೌಕಗಳ ನಡು ಬಟ್ಟೆಯ ನಡುವಿನಲ್ಲಿರಲಿಲ್ಲ. ಎಡಕ್ಕೆ ಸರಿದಿತ್ತು. ಬಟ್ಟೆಯ ಮೂರು ಅಂಚು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಎಡಗಡೆಯ ಅಂಚು ಮಾತ್ರ ಬೆಳ್ಳಗೆ, ಕತ್ತರಿಯಿಂದ ಈಗ ತಾನೇ ಬಂದ ಹಾಗೆ.

"ಅಸಲಿ ಹೌದಲ್ರಿ?" ಉದಯಕುಮಾರ ಇನ್ನಷ್ಟು ಹತ್ತಿರ ಸರಿದ.

"ಬಟ್ಟಿ ಹಳೇದ ಐತಿ."

"ಸಹಿ?"

ಅವನ ಮುಖವನ್ನೇ ನೋಡಿದಳು. ಅಲ್ಲಿ ಆಸೆ ಇತ್ತು, ಹೆದರಿಕೆ ಇತ್ತು. ಮೋಸ ಮಾಡಿದವನ ಜಾಣತನ ಇರಲಿಲ್ಲ. ಇವನಿಗೆ ನಿಜವಾಗಿಯೂ ಗೊತ್ತಿಲ್ಲ! ಕದ್ದಿದ್ದಾನೆ, ಕದ್ದಿದ್ದು ನಕಲಿ ಅಂತ ಗೊತ್ತಿಲ್ಲ.

"ನಾಳೆ ವೇದಿಕಿ ಮ್ಯಾಲೆ ಹೇಳ್ತೇನಿ," ಎಂದು ಚೀಲ ಹೆಗಲಿಗೇರಿಸಿದಳು.

"ಅಲ್ಲೇ ಹೇಳ್ರಿ, ಅಲ್ಲೇ ಹೇಳ್ರಿ! ಮಂದಿ ಮುಂದ ಹೇಳಿದ್ರ ತೂಕ ಬ್ಯಾರೆ."

ಮಂದಿ ಮುಂದೆ. ಇದೇ ಮಾತನ್ನು ಇನ್ನೊಬ್ಬರೂ ಅವಳಿಗೆ ಹೇಳಿದ್ದರು. ಮುಂಡಗೋಡದ ಅವಳ ಮನೆಯ ಕಟ್ಟೆಯ ಮೇಲೆ ಕೂತು, ಚಹಾದ ಕಪ್ಪು ಕೈಯಲ್ಲಿ ಹಿಡಿದು. ಯಾರು ಅಂತ ನೆನಪಾದ ಕೂಡಲೇ ದ್ರಾಕ್ಷಾಯಣಿ ಕಾರಿನ ಕಡೆ ಓಡುವುದೊಂದು ಬಾಕಿ.

---

ಕಾಳಿಯ ದಡದಲ್ಲಿ ರೀನಾ ರಾಫ್ಟಿಗೆ ಗಾಳಿ ತುಂಬುತ್ತಿದ್ದಳು. ಕಾಲಲ್ಲಿ ಪಂಪು ಒತ್ತುವಾಗ ಲೈಫ್ ಜಾಕೆಟ್ಟಿನ ಭುಜಕ್ಕೆ ಸಿಕ್ಕಿಸಿದ ಚಾಕು ಅಲ್ಲಾಡುತ್ತಿತ್ತು. ರಾಫ್ಟ್ ಮಗುಚಿ ಹಗ್ಗ ಕಾಲಿಗೆ ಸುತ್ತಿಕೊಂಡರೆ ಕತ್ತರಿಸುವುದಕ್ಕೆ ಇರುವ ಚಾಕು ಅದು. ಪುಣೆಯಿಂದ ಬಂದ ಹುಡುಗರು ಸೆಲ್ಫಿಯಲ್ಲಿ ಮುಳುಗಿದ್ದರು.

"ಅಕ್ಕಾ! ಏನಾತು? ತೂತು ಸಿಕ್ಕವಿಲ್ಲೋ?"

"ಸಿಕ್ಕವು."

"ನಾ ಹೇಳಿದ್ನಿಲ್ಲ! ಆಜಿ ಹೊಲಿಗಿ ಅದು. ಇನ್ನ ಸಿಕ್ಕಾ ಅಂವಾ."

"ರೀನಾ, ಪಂಪ್ ನಿಲ್ಲಸು."

"ಮಂದಿ ಕಾಯಾಕತ್ತಾರ ಅಕ್ಕಾ."

"ಕಾಯಲಿ. ನಿನ್ನ ಕತಿ ಇನ್ನೊಮ್ಮೆ ಹೇಳು. ಬಾಪೂ ನಿಮ್ಮ ಮುತ್ತಜ್ಜಗ ಸಹಿ ಹೆಂಗ ಹಾಕಿ ಕೊಟ್ರು?"

ರೀನಾ ನಕ್ಕಳು. ಹುಟ್ಟಿದಾಗಿನಿಂದ ಕೇಳಿದ ಕತೆ. ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲಳು.

"ಹಳಿಯಾಳದ ಸಭಾದಾಗ ನಮ್ಮ ಜ್ಯೋತಿಬಾ ಡಮಾಮಿ ಬಾರಿಸಿದ್ದ. ಮುಗದ ಮ್ಯಾಲೆ ಸಹಿ ಬೇಕಂದ. ಬಾಪೂ ಸಹಿಗೆ ಹರಿಜನ ಫಂಡಿಗೆ ರೊಕ್ಕ ಕೇಳ್ತಿದ್ರಲ್ಲಾ, ಇವನ ಹತ್ರ ಎಲ್ಲಿಂದ ಬರಬೇಕು? ನಡಾದಾಗಿನ ಬೆಳ್ಳಿ ಉಡದಾರ ಬಿಚ್ಚಿ ಕೈಯಾಗ ಇಟ್ಟ. ಹಾಳಿ ಇರಲಿಲ್ಲ. ಹೆಗಲ ಮ್ಯಾಲಿನ ಖಾದಿ ವಲ್ಲಿ ಹಾಸಿದ. ಬಾಪೂನ ಬಲಗೈ ಬರದು ಬರದು ನೋಯಾಕತ್ತಿತ್ತಂತ. ಅದಕ್ಕ ಎಡ..."

ನಿಂತಳು.

"ಹೇಳು," ಎಂದಳು ದ್ರಾಕ್ಷಾಯಣಿ. "ಎಡಗೈಲೆ ಹಾಕಿದ್ರು. ಅವರಿಗೆ ಎರಡೂ ಕೈ ಬರ್ತಿತ್ತು, ಬಲಗೈ ದಣದ್ರ ಎಡಗೈ. ಎಡಗೈ ಬರಹ ಬ್ಯಾರೇನ ಇರ್ತೈತಿ. ಆ ಡಬ್ಬಿ ಒಳಗಿಂದು ಬಲಗೈ ಸಹಿ ಐತಿ, ರೀನಾ. ಹದಿನೈದು ದಿನದ ಹಿಂದ ನೀನ ನನ್ನ ಅಲ್ಲಿಗೆ ಕರ್ಕೊಂಡು ಹೋಗಿ ಕಿಡಕ್ಯಾಗಿಂದ ತೋರಿಸಿದಿ. ಸಣ್ಣಾಕಿದ್ದಾಗಿಂದ ಎಡಗೈ ಸಹಿ ನೋಡಿದಾಕಿ ನೀ. 'ಅಕ್ಕಾ, ಇದು ನಮ್ಮದಲ್ಲ' ಅಂತ ಯಾಕ ಅನಲಿಲ್ಲ?"

ರೀನಾ ಪಂಪಿನಿಂದ ಕಾಲು ತೆಗೆದಳು. ಪುಣೆಯ ಹುಡುಗರ ಕಡೆ ನೋಡಿದಳು, ನದಿಯ ಕಡೆ ನೋಡಿದಳು. ಮುಖದಿಂದ ನಗು ಇಳಿಯಿತು. ಅದರ ಜಾಗಕ್ಕೆ ಬಂದದ್ದು ನಾಚಿಕೆಯಲ್ಲ.

"ನಾನ ಬರದೆ," ಎಂದಳು. "ಮಳಿಗಾಲದಾಗ ರಾಫ್ಟಿಂಗ್ ಬಂದ್ ಇರ್ತೈತಲ್ಲಾ. ಕೆಲಸಿಲ್ಲ. ದಿನಾ ಕುಂತು ಕುಂತು ಕೈ ಕೂಡಿಸಿದೆ. ಚಲೋ ಬಂದಿಲ್ಲೇನು?"

"ಚಲೋ ಬಂದೈತಿ ಅಂತ ನಾ ಶಾಬಾಸ್ ಅನ್ನಬೇಕೇನು?"

"ಚಲೋ ಬರಬಾರದಿತ್ತು ಅಕ್ಕಾ. ಅಂವಗ ಗೊತ್ತಾಗಬಾರದು, ನಿಮಗ ಗೊತ್ತಾಗಬೇಕು. ಅಷ್ಟ ಬೇಕಿತ್ತು ನನಗ."

ಬಲೆ. ಇಡೀ ಕೇಸೇ ಒಂದು ಬಲೆ. ಅದರೊಳಗಿನ ಒಂದು ಗಂಟು ತಾನು.

"ನನ್ನ ಹೆಸರು ಬೇಕಾಗಿತ್ತು ನಿನಗ."

"ಹೌದು. ನಾ ವೇದಿಕಿ ಹತ್ತಿ 'ಇದು ಸುಳ್ಳು' ಅಂದ್ರ ಯಾರು ಕೇಳ್ತಾರ? ರಾಫ್ಟ್ ಹೊಡಿಯೋ ಸಿದ್ದಿ ಹುಡುಗಿ. ವಾಚ್‌ಮನ್ ಕರದು ಹೊರಗ ಹಾಕ್ತಾರ. ನೀವು ಅಂದ್ರ ಟೀವ್ಯಾಗ ಬರ್ತೈತಿ." ರೀನಾ ಒಂದು ಹೆಜ್ಜೆ ಮುಂದೆ ಬಂದಳು. "ಸಲೀಂ ಅದಾನಲ್ಲಾ, ಉದಯಕುಮಾರನ ಡ್ರೈವರ್, ಅವನ ಕಿವಿಗೆ ಬೀಳೂ ಹಂಗ ನಾನ ಮಾತಾಡಿದೆ. ಆಜಿ ಕೌದ್ಯಾಗ ಬಾಪೂನ ಸಹಿ ಐತಿ, ಬೇಲಿ ಮ್ಯಾಲೆ ಒಣಾಕಿರ್ತೇವಿ ಅಂತ. ಕದಿ ಅಂತ ನಾ ಅನಲಿಲ್ಲ. ಮೊದಲ ಬಂದು 'ಕೊಡ್ರಿ' ಅಂತ ಕೇಳಿದ್ರ ಅವತ್ತ ಎಲ್ಲಾ ಹೇಳಿಬಿಡ್ತಿದ್ದೆ. ಕೇಳಲಿಲ್ಲ. ಕದ್ದ. ಕದ್ದು ಅವರ ಅಜ್ಜನ ಹೆಸರು ಹಚ್ಚಿದ!"

"ಶಿವಲಿಂಗಪ್ಪ."

"ಆ ಹೆಸರು ನಮ್ಮ ಮನ್ಯಾಗ ಯಾರೂ ಅನ್ನೂದಿಲ್ಲ." ರೀನಾ ಪಕ್ಕಕ್ಕೆ ಉಗುಳಿದಳು. "ನಲವತ್ತೆರಡರ ಗದ್ದಲದಾಗ ನಮ್ಮ ಜ್ಯೋತಿಬಾನ್ನ ಪೊಲೀಸ್ರಿಗೆ ಹಿಡದು ಕೊಟ್ಟಾಂವ ಅಂವಾ. ಜ್ಯೋತಿಬಾ ಜೈಲಿನಾಗ ಸತ್ತ. ಆಜಿ ಆವಾಗ ಹೊಟ್ಟ್ಯಾಗಿದ್ಲು. ಸತ್ತ ಮ್ಯಾಲೆ ಅಂವಾ ಊರ ತುಂಬ ಏನು ಹಬ್ಬಿಸಿದ ಗೊತ್ತೈತೇನು? ಎಲ್ಲಾರ ಹೆಸರು ಪೊಲೀಸ್ರಿಗೆ ಹೇಳಿದಾಂವ ಈ ಸಿದ್ದಿನ ಅಂತ. ಇವತ್ತಿಗೂ ಆಜಿ ಹಳಿಯಾಳ ಸಂತಿಗೆ ಹೋದ್ರ ಹಿಂದಿಂದ ಅಂತಾರ, ಸುದ್ದಿ ಮುಟ್ಟಿಸಿದವನ ಮಗಳು ಬಂದ್ಲು ನೋಡು ಅಂತ. ಹಲ್ಲಿಲ್ಲದ ಮುದುಕ್ಯಾರು ಅಂತಾರ. ಮೊಮ್ಮಕ್ಕಳಿಗೆ ಕಲಿಸಿ ಹೋಗ್ಯಾರ."

ಅವಳ ದನಿ ಏರಲಿಲ್ಲ. ಕಣ್ಣು ಮಾತ್ರ ಕೆಂಪಾಗಿತ್ತು.

"ನಾಳೆ ಅಂವಾ ಮೈಕ್ ಹಿಡದು ಅಜ್ಜನ ಹಾಡು ಹಾಡ್ಲಿ. ಹೂವಿನ ಹಾರ ಬೀಳಲಿ. ಆವಾಗ ನೀವು ಎದ್ದು ನಿಂತು 'ಸಹಿ ಸುಳ್ಳು, ಬಟ್ಟಿ ಕದ್ದದ್ದು' ಅನ್ರಿ. ಆ ಮನಿ ಹೆಸರು ಮಂದಿ ಮುಂದ ಮಣ್ಣಾಗಬೇಕು ಅಕ್ಕಾ. ನಮ್ಮದು ಆದಂಗ. ನಿಧಾನಕ ಅಲ್ಲ. ಒಂದ ದಿನದಾಗ."

"ಹುಚ್ಚಿ," ಎಂದಳು ದ್ರಾಕ್ಷಾಯಣಿ.

"ಏನಂದ್ರಿ?"

"ಹುಚ್ಚಿ ಅಂದೆ. ಬಟ್ಟಿ ನಿಮ್ಮದು ಅಂತ ನಾ ಅಂದ್ರ, ಅದರ ಮ್ಯಾಲಿನ ಸುಳ್ಳು ಸಹೀನೂ ನಿಮ್ಮದ ಆತು. ಅಂವಾ ಏನಂತಾನ? 'ಪಾಪ, ನಾನೂ ಮೋಸ ಹೋದೆ, ಈ ಸಿದ್ದಿ ಮಂದಿ ಎಂದೂ ಅಸಲಿ ಇಟ್ಟವರ ಅಲ್ಲ.' ಮಂದಿ ಯಾರನ್ನ ನಂಬ್ತಾರ? ನಿಮ್ಮ ಜ್ಯೋತಿಬಾ ಎರಡನೇ ಸಲ ಸುಳ್ಳ ಆಗ್ತಾನ, ರೀನಾ. ಈ ಸಲ ನೀ ಮಾಡ್ದಿ."

ಈ ಮಾತು ತಾಗುತ್ತದೆ ಅಂದುಕೊಂಡಿದ್ದಳು. ರೀನಾ ಹುಬ್ಬು ಹಾರಿಸಿದಳು.

"ಅಸಲಿ ಇಲ್ಲಂತ ನಿಮಗ ಯಾರಂದ್ರು?"

ಕತ್ತರಿ ಬಿದ್ದ ಎಡ ಅಂಚು. ಹೌದಲ್ಲ!

"ಸಹಿ ಇದ್ದ ತುಂಡು ಮೊದಲ ಕತ್ತರಿಸಿ ತಗದಿ," ಎಂದಳು ದ್ರಾಕ್ಷಾಯಣಿ ಮೆಲ್ಲಗೆ.

"ತಗದೆ. ಉಳದ ಬಟ್ಟಿ ಮ್ಯಾಲೆ ನಾ ಬರದು ಮತ್ತ ಒಳಗ ಇಟ್ಟೆ, ಕೌದಿ ಮ್ಯಾಲಿನ ಸೀರಿ ಪದರಕ್ಕ ಟಾಕು ಹಾಕಿದೆ. ಅಸಲಿ ತುಂಡು ಅದ ಕೌದ್ಯಾಗನ ಐತಿ. ಒಂದು ಫೂಲಾದೊಳಗ. ಕಳ್ಳ ನಡು ಹರದು ನೋಡ್ತಾನ, ಫೂಲಾ ಯಾಕ ಬಿಚ್ತಾನ? ನಾಳೆ ನಿಮ್ಮ ಮಾತು ಮುಗದ ಕೂಡ್ಲೇ ಆಜಿನ್ನ ವೇದಿಕಿಗೆ ಹತ್ತಿಸಿ, ಅವನ ಕಣ್ಣ ಮುಂದ ಬಿಚ್ಚಾಕಿ ನಾ."

ಫೂಲಾ ಅಂದರೆ ಸಿದ್ದಿ ಕೌದಿಯ ನಾಲ್ಕು ಮೂಲೆಗೂ ಹೊಲಿಯುವ ಹೂವು. ಬಣ್ಣಬಣ್ಣದ ಚೂರುಗಳನ್ನು ಮುಕ್ಕೋನವಾಗಿ ಮಡಚಿ, ಒಂದರ ಮೇಲೊಂದು ಕೂರಿಸಿ ಹೊಲಿಯುತ್ತಾರೆ. ಅದು ಬೀಳದೆ ಕೌದಿ ಮುಗಿಯಿತು ಅನ್ನುವ ಹಾಗಿಲ್ಲ.

"ಆಜಿಗೆ ಗೊತ್ತೈತೇನು?"

"ಇಲ್ಲ. ಕಣ್ಣಾಗ ಪೊರಿ. ಸೂಜಿಗೆ ದಾರ ಪೋಣಿಸಾಕೂ ನಾನ ಬೇಕು."

"ನಡಿ. ಈಗ ನೋಡಬೇಕು ಅದನ್ನ."

"ರಾಫ್ಟ್?"

"ಪುಣೆದವರು ಇನ್ನೊಂದಿಷ್ಟು ಫೋಟೋ ತಗೋಲಿ."

---

ಕಾರು ದಾಂಡೇಲಿ ದಾಟಿ ಹಳಿಯಾಳದ ರಸ್ತೆಗೆ ಬಂತು. ದ್ರಾಕ್ಷಾಯಣಿಗೆ ಒಳಗೊಳಗೇ ಕುದಿಯುತ್ತಿತ್ತು. ಇವಳನ್ನು ಕಾರಿನಿಂದ ಇಳಿಸಿ ನೆಟ್ಟಗೆ ಮುಂಡಗೋಡಕ್ಕೆ ಹೋಗಬೇಕು ಅಂತ ಒಂದು ಮನಸ್ಸು. ಆ ಎಡಗೈ ಸಹಿಯನ್ನು ಒಮ್ಮೆಯಾದರೂ ನೋಡಬೇಕು ಅಂತ ಇನ್ನೊಂದು.

ನೋಯುವ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದಿದ್ದಾರೆ. ಡಮಾಮಿ ಬಾರಿಸುವವನೊಬ್ಬನಿಗೋಸ್ಕರ. ಇತಿಹಾಸದ ಪುಸ್ತಕದಲ್ಲಿ ಜ್ಯೋತಿಬಾನ ಹೆಸರು ಎಲ್ಲೂ ಇಲ್ಲ. ಅವನು ಆ ಸಭೆಯಲ್ಲಿದ್ದ, ಇದ್ದದ್ದನ್ನೆಲ್ಲ ಕೊಟ್ಟ ಎನ್ನುವುದಕ್ಕೆ ಅಂಗೈಯಷ್ಟು ಖಾದಿ ಒಂದೇ ಉಳಿದಿರುವುದು.

ತಿರುವಿನಲ್ಲಿ ಎದುರಿನಿಂದ ಬಿಳಿ ಕಾರೊಂದು ಬಂತು. ರೀನಾ ಸೀಟಿನಲ್ಲಿ ಕೆಳಗೆ ಕುಸಿದಳು.

"ಯಾಕ?"

"ಸಲೀಂ. ಉದಯಕುಮಾರನ ಗಾಡಿ. ನಿಮ್ಮ ಜೋಡಿ ನನ್ನ ನೋಡಿದ್ರ ಮುಗೀತು."

ಕಾರು ಬುರ್ರೆಂದು ದಾಟಿಹೋಯಿತು. ಹಿಂದಿನ ಕಿಟಕಿಗೆ ಕಪ್ಪು ಹಾಳೆ ಅಂಟಿಸಿತ್ತು.

ಮನೆಯ ಬಾಗಿಲು ತೆರೆದೇ ಇತ್ತು. ಆಜಿ ಇರಲಿಲ್ಲ. ಬೇಲಿಗೆ ಹೋಗಿರಬಹುದು, ಇಲ್ಲಾ ಪಕ್ಕದ ಗೋದುಬಾಯಿಯ ಕಟ್ಟೆಗೆ ಎಂದಳು ರೀನಾ. ಪೆಟ್ಟಿಗೆಯ ಮೇಲಿಂದ ಕೌದಿ ಇಳಿಸಿ ನೆಲಕ್ಕೆ ಹಾಸಿದಳು. ಕೆಂಪು, ಹಳದಿ, ಹಸಿರು ಚೂರುಗಳು. ನಾಲ್ಕು ಮೂಲೆಗೆ ನಾಲ್ಕು ಹೂವು.

"ಇದು," ಎಂದು ನಾಲ್ಕನೇ ಮೂಲೆ ಮುಟ್ಟಿದಳು. ಗೋಡೆಯ ಮೊಳೆಯ ಕಡೆ ಕೈ ಚಾಚಿದಳು. ಮೊಳೆ ಖಾಲಿ. "ಕತ್ತರಿ ಎಲ್ಲಿ ಹೋತು? ಯಾವಾಗ್ಲೂ ಇಲ್ಲೇ ಇರ್ತೈತಿ."

ಪಾತ್ರೆಗಳ ಹಿಂದೆ ನೋಡಿದಳು, ಒಲೆಯ ಮಗ್ಗುಲಿಗೆ ನೋಡಿದಳು. ಸಿಗಲಿಲ್ಲ. ಕೊನೆಗೆ ಜಾಕೆಟ್ಟಿನ ಚಾಕು ಎಳೆದು ಹೊಲಿಗೆಗೆ ಹಾಕಿದಳು.

"ತಡಿ," ದ್ರಾಕ್ಷಾಯಣಿ ಅವಳ ಮಣಿಕಟ್ಟು ಹಿಡಿದಳು. "ಈ ಮೂಲಿ ನೀ ಹೊಲದದ್ದು?"

"ಹೌದು."

"ಗಂಟು ಒಳಗ ಹಾಕ್ದೇನು, ಹೊರಗ?"

"ಒಳಗ. ಕಾಣಬಾರದಲ್ಲಾ."

ಗಂಟು ಹೊರಗಿತ್ತು. ಅದರ ಜೊತೆ ದಾರದ ತುದಿ ಸಣ್ಣ ಬಾಲದ ಹಾಗೆ ಬಿಟ್ಟಿತ್ತು. ಉಳಿದ ಮೂರು ಮೂಲೆಗಳಲ್ಲೂ ಹಾಗೇ ಇತ್ತು.

ರೀನಾ ಒಂದೊಂದೇ ಚೂರು ಬಿಡಿಸಿದಳು. ಕೆಂಪು. ಹಳದಿ. ಹೂವಿನ ಚೀಟಿ ಬಟ್ಟೆ. ಎಲ್ಲದರ ಕೆಳಗೆ ಖಾದಿ ಇರಬೇಕಿತ್ತು.

ಅಲ್ಲಿದ್ದದ್ದು ನೀಲಿ ಸೀರೆಯ ಚೂರು. ಹೊಸದು. ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಇದು ನಾ ದಸರಾಕ್ಕ ತಂದ ಸೀರಿ," ಎಂದಳು ರೀನಾ. "ಆಜಿದು."

"ಕಣ್ಣು ಕಾಣೂದಿಲ್ಲ ಅಂದಿ. ಬೆರಳು? ಒಂದು ಪದರ ಹೆಚ್ಚಾಗಿದ್ದು ಅವರ ಬೆರಳಿಗೆ ತಿಳಿಯೂದಿಲ್ಲ ಅನ್ಕೊಂಡ್ಯಾ?"

"ದಾರ ಯಾರು ಪೋಣಿಸಿಕೊಟ್ರು?"

ಉತ್ತರ ಬಾಗಿಲಲ್ಲಿ ನಿಂತಿತ್ತು. ಗೋದುಬಾಯಿ, ಸೆರಗಿಗೆ ಕೈ ಒರೆಸುತ್ತಾ.

"ನಾನ ಪೋಣಿಸಿದ್ದೆ ಬಾಯಿ, ಮೊನ್ನೆ. ಯಾಕ? ಗಂಗೂನ್ನ ಹುಡಕಾಕತ್ತೀಯೇನು? ಆಗಲೇ ಹೋದ್ಲು. ಸಲೀಂ ಗಾಡಿ ತಂದಿದ್ದ."

"ಎಳಕೊಂಡು ಹೋದನೇನು?" ರೀನಾ ಚಾಕು ಹಿಡಿದೇ ಎದ್ದಳು.

"ಅಯ್ಯ, ಎಳೀತಾನ ಯಾಕ? ತಾನ ಫೋನ್ ಹಚ್ಚಿಸಿ ಕರಿಸಿಕೊಂಡ್ಲು. ನೀಲಿ ಸೀರಿ ಉಟ್ಟು, ಸೆರಗಿನ ಮೂಲಿಗೆ ಒಂದು ಹೊಸಾ ಫೂಲಾ ಹೊಲಕೊಂಡು, ಎಣ್ಣಿ ಹಚ್ಚಿ ತಲಿ ಬಾಚಿಕೊಂಡು, ಲಗ್ನಕ್ಕ ಹೋದಂಗ ಹೋದ್ಲು."

ತಿರುವಿನ ಬಿಳಿ ಕಾರು. ಕಪ್ಪು ಕಿಟಕಿ. ರೀನಾ ಯಾರಿಂದ ತಲೆ ಬಗ್ಗಿಸಿ ಅಡಗಿದ್ದಳೋ, ಅವನ ಬೆನ್ನಿಗೇ ಆಜಿ ಕೂತಿದ್ದಳು.

ಆಗಲೇ ದ್ರಾಕ್ಷಾಯಣಿಯ ಫೋನು ಬಡಿದುಕೊಂಡಿತು. ಉದಯಕುಮಾರ. ಸ್ಪೀಕರ್ ಒತ್ತಿದಳು, ರೀನಾಗೆ ಸುಮ್ಮನಿರು ಎಂದು ಕೈ ಮಾಡಿದಳು.

"ಮೇಡಂ, ಒಂದು ಸಿಹಿ ಸುದ್ದಿ ಕೇಳ್ರಿ!" ಅವನ ದನಿಯಲ್ಲಿ ಹಬ್ಬ. "ನಾಳೆ ನಿಮ್ಮ ಜೋಡಿ ವೇದಿಕಿ ಮ್ಯಾಲೆ ಇನ್ನೊಬ್ರು ಕುಂದ್ರತಾರ. ಗಂಗೂಬಾಯಿ ಅಂತ, ಜ್ಯೋತಿಬಾ ಸಿದ್ದಿ ಅನ್ನಾಂವನ ಮಗಳು. ಆ ಸಹಿ ನಮ್ಮ ಅಜ್ಜಗ ಹಾಕಿದ್ದು ಅಂತ ತಾವ ಹೇಳ್ತಾರಂತ. ಹಳೇದೆಲ್ಲಾ ಮರತು ಬಂದಾರ, ದೊಡ್ಡ ಮನಸು ನೋಡ್ರಿ. ಈಗ ನನ್ನ ಬಾಜೂಕ್ಕ ಕುಂತಾರ. ಇವತ್ತ ರಾತ್ರಿ ನಮ್ಮ ಮನ್ಯಾಗ ವಸ್ತಿ."

"ಅವರ ಕೈಯಾಗ ಕೊಡ್ರಿ ಫೋನ್."

ಗರಗರ ಸದ್ದು. ಆಮೇಲೆ ಒಂದು ಮುದಿ ಉಸಿರು.

"ಆಜಿ!" ರೀನಾ ತಡೆಯಲಾರದೆ ಕೂಗಿದಳು. "ಆಜಿ, ಏನ್ ಮಾಡಾಕತ್ತಿ ನೀ? ಅಸಲಿ ಎಲ್ಲೈತಿ?"

ಆಜಿ ನಕ್ಕಳು. ಮಗುವನ್ನು ಮಲಗಿಸುವಾಗಿನ ನಗು.

"ಬಂದ್ಯಾ ಮನಿಗೆ? ಗಂಜಿ ಮುಚ್ಚಿಟ್ಟೀನಿ, ಉಣ್ಣು. ಮತ್ತ ಕೇಳಿಲ್ಲಿ, ಕತ್ತರಿ ಹುಡುಕ್ಕೋತ ಕುಂದರಬ್ಯಾಡ ಬಾಳಾ. ಅದನ್ನ ನಾ ತಂದೀನಿ."